ಮೆಟ್ಟಿಲ ಕೆಳಗಿನ ಗಾಳಿ

ಆ ಮನೆಯಲ್ಲಿ ಹೊಗಳಿಕೆ ಅಂದರೆ ಒಂದೇ ಒಂದು ಅಕ್ಷರ. ಮಾವನವರು ಚೆಂಡನ್ನು ಬಾಗಿಲಿನ ಮೇಲ್ಪಟ್ಟಿಯ ಎತ್ತರದಿಂದ ಕೈಬಿಡುತ್ತಾರೆ, ಅದು ನೆಲಕ್ಕೆ ಬಡಿದು ಗೋಡೆಯ ಮೇಲೆ ಎಳೆದ ಪೆನ್ಸಿಲ್ ಗೆರೆಯ ತನಕ ಪುಟಿಯುತ್ತದೆ, ಅವರು "ಹೂಂ" ಅನ್ನುತ್ತಾರೆ. ಅಷ್ಟೇ. ಗೆರೆ ಮುಟ್ಟದಿದ್ದರೆ ಆ ಹೂಂ ಕೂಡ ಇಲ್ಲ, ಚೆಂಡು ಕುರ್ಚಿಯ ಕಾಲಿಗೆ ಹೋಗುತ್ತದೆ. ಮನೆಯ ಕುರ್ಚಿ, ಮೇಜು, ಮಂಚ ಎಲ್ಲದರ ಕಾಲಿಗೂ ಸೋತ ಟೆನಿಸ್ ಚೆಂಡುಗಳನ್ನು ಕೊಯ್ದು ಸಿಕ್ಕಿಸಿದ್ದರು. ಹಾಗಾಗಿ ಯಾರು ಏನನ್ನು ಎಳೆದರೂ ಸದ್ದಾಗುತ್ತಿರಲಿಲ್ಲ. ಸದ್ದಿಲ್ಲದ ಮನೆ, ಹೊಗಳದ ಮಾವ. ದೊಡ್ಡ ಸೊಸೆ ಇವೆರಡಕ್ಕೂ ಒಗ್ಗಿಕೊಂಡು ಹನ್ನೊಂದು ವರ್ಷವಾಗಿತ್ತು.

ಮಾವನವರು ಟೆನಿಸ್ ಕಲಿಸುವ ಮೇಷ್ಟ್ರು. ಶಾಲೆಯೊಂದರ ಹಿಂದೆ ಒಂದು ಕೋರ್ಟು, ಒಂದು ಬಲೆ, ಮೂವತ್ತು ಮಕ್ಕಳು. ಮೂವತ್ತು ಮಕ್ಕಳು ಬೆಳಗ್ಗೆ ಸಂಜೆ ಬಡಿದರೆ ಚೆಂಡು ಎಷ್ಟು ದಿನ ತಾಳೀತು? ಮೇಲಿನ ಹಳದಿ ಉಣ್ಣೆ ಇನ್ನೂ ಹೊಸದರ ಹಾಗೇ ಇರುತ್ತದೆ, ಒಳಗಿನ ಗಾಳಿ ಮಾತ್ರ ರಬ್ಬರಿನ ಮೈಯಿಂದ ಹೇಳದೆ ಕೇಳದೆ ಹೊರಟುಹೋಗಿರುತ್ತದೆ. ಕೈಬಿಟ್ಟರೆ ಬೆಂದ ಆಲೂಗಡ್ಡೆಯಂತೆ ಧೊಪ್ಪೆಂದು ಬಿದ್ದು, ಮಂಡಿಯವರೆಗೆ ಎದ್ದು ಸುಮ್ಮನಾಗುತ್ತದೆ. ಫುಟ್‌ಬಾಲಾದರೆ ಸೂಜಿ ಚುಚ್ಚಿ ಗಾಳಿ ತುಂಬಬಹುದು. ಟೆನಿಸ್ ಚೆಂಡಿಗೆ ಬಾಯಿಯೂ ಇಲ್ಲ, ಮೂಗೂ ಇಲ್ಲ.

ಅಂಥದ್ದಕ್ಕೆ ಉಸಿರು ತುಂಬುವ ದಾರಿ ಕಂಡುಕೊಂಡವಳು ಈ ದೊಡ್ಡ ಸೊಸೆ. ಮನೆಯಲ್ಲಿ ಎಲ್ಲರೂ ಅವಳನ್ನು ದೊಡ್ಡವಳು ಅನ್ನುತ್ತಿದ್ದರು. ಅವಳ ಅಪ್ಪನದು ಪಂಕ್ಚರ್ ಅಂಗಡಿ. ಮದುವೆಯ ಹೊಸದರಲ್ಲಿ ಗಂಡನ ಕಡೆಯ ನೆಂಟರು ಅದನ್ನು ಹೇಳಿಕೊಂಡು ಮೂಗು ಮುರಿದದ್ದೇ ಮುರಿದದ್ದು. ಎರಡನೇ ತಿಂಗಳಲ್ಲಿ ಅವಳು ಒಂದು ದಪ್ಪ ಪ್ಲಾಸ್ಟಿಕ್ ಪೈಪು ತಂದು, ಒಂದು ತುದಿಯನ್ನು ಅಂಟು ಹಾಕಿ ಮುಚ್ಚಿ, ಇನ್ನೊಂದು ತುದಿಗೆ ತಿರುಪಿನ ಮುಚ್ಚಳ ಕೂರಿಸಿ, ಮುಚ್ಚಳದ ನಡುವೆ ಸೈಕಲ್ ಟ್ಯೂಬಿನ ವಾಲ್ವು ಬಿಗಿದಳು. ಹನ್ನೆರಡು ಸತ್ತ ಚೆಂಡು ಒಳಗೆ ಹಾಕಿ ಕೈಪಂಪಿನಿಂದ ತೊಂಬತ್ತು ಒತ್ತು ಗಾಳಿ ತುಂಬಿದಳು.

"ಹೋದ ದಾರೀಲೇ ವಾಪಸ್ ಬರುತ್ತೆ ಮಾವ. ಸುತ್ತಲಿಂದ ಒತ್ತಬೇಕು, ಅಷ್ಟೆ. ಮೂರು ವಾರ ಯಾರೂ ಮುಟ್ಟಬಾರದು" ಅಂದಿದ್ದಳು.

ಮೂರು ವಾರದ ಮೇಲೆ ಹನ್ನೆರಡೂ ಗೆರೆ ಮುಟ್ಟಿದವು. ಅಂದು ಬಂತು ಮೊದಲ ಹೂಂ. ಅಂದೇ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯ ಬೀಗದಕೈ ಅವಳ ಕೈಗೆ ಬಂತು. ನಿಂತರೆ ತಲೆ ತಗಲುವ ಕೋಣೆ, ಗೋಡೆಗೆ ಸಾಲಾಗಿ ಒರಗಿಸಿದ ನಾಲ್ಕು ಪೈಪುಗಳು, ಒಂದು ಪಂಪು, ಕೂರಲು ಒಂದು ಮಣೆ. ಬೀಗದಕೈಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಗಂಡ ಒಮ್ಮೆ "ನಾನು ಕೊಡಿಸಿದ ಸರ ಪೆಟ್ಟಿಗೆಯಲ್ಲಿ, ಅಪ್ಪ ಕೊಟ್ಟ ಕಬ್ಬಿಣ ಕೊರಳಲ್ಲಿ" ಎಂದು ನಕ್ಕಿದ್ದ. ಅವಳಿಗೆ ಅದರಲ್ಲಿ ತಮಾಷೆ ಏನಿದೆ ಎಂದೇ ತಿಳಿಯಲಿಲ್ಲ.

ಹೀಗಿರುವಾಗ ಮೈದುನನಿಗೆ ಮದುವೆಯಾಯಿತು, ಚಿಕ್ಕವಳು ಬಂದಳು.

ಅವಳು ಕಾರ್ಖಾನೆಗಳ ಬಾಯ್ಲರು, ಗ್ಯಾಸಿನ ಸಿಲಿಂಡರುಗಳ ಒತ್ತಡ ಪರೀಕ್ಷೆ ಮಾಡುವವಳು. ಬೆಳಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಹೊರಟರೆ ಸಂಜೆಯೇ ಬರುವುದು. ಚೀಲದಲ್ಲಿ ಗಡಿಯಾರದಂಥ ಗೇಜುಗಳು, ಒಂದು ಟಿಪ್ಪಣಿ ಪುಸ್ತಕ. ಆ ಪುಸ್ತಕದಲ್ಲಿ ಅವಳು ಬರೆಯದ ವಿಷಯವಿಲ್ಲ. ಕೊಳಾಯಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಗೋಡೆಯ ಬಿರುಕು ಎಷ್ಟು ಬೆಳೆಯಿತು, ಎಲ್ಲ. ಬಂದ ಎರಡನೇ ವಾರ ಮೆಟ್ಟಿಲ ಕೆಳಗೆ ತಲೆ ತೂರಿಸಿ ಕೇಳಿದಳು.

"ಅಕ್ಕ, ಇದಕ್ಕೆ ಎಷ್ಟು ಒತ್ತಡ ಕೊಡ್ತೀರಿ?"

"ತೊಂಬತ್ತು ಒತ್ತು."

"ಅದಲ್ಲ ಅಕ್ಕ. ಮುಳ್ಳಿನಲ್ಲಿ ಎಷ್ಟು ಬರುತ್ತೆ ಅಂತ."

"ಮುಳ್ಳು ಇಲ್ಲ. ಕೈ ಇದೆ."

ಚಿಕ್ಕವಳು ನಕ್ಕಳು. ಚಂದದ ನಗು, ಅದರಲ್ಲಿ ಕೊಂಕೇನೂ ಇರಲಿಲ್ಲ. ಆದರೆ ದೊಡ್ಡವಳಿಗೆ ಕೊಂಕು ಬೇಕಿತ್ತು, ಹುಡುಕಿಕೊಂಡಳು. ಅಂದಿನಿಂದ ಶುರುವಾಯಿತು ಹೊಟ್ಟೆಯುರಿ.

ತಿಂಗಳು ಕಳೆಯುವಷ್ಟರಲ್ಲಿ ಚಿಕ್ಕವಳು ಗುಜರಿ ಅಂಗಡಿಯಿಂದ ದಪ್ಪ ತಳದ ಸ್ಟೀಲು ಪಾತ್ರೆಯೊಂದನ್ನು ತಂದಳು. ತಿರುಪು ಹಾಕಿ ಬಿಗಿಯುವ ಮುಚ್ಚಳ, ಮುಚ್ಚಳದ ಮೇಲೆ ಒಂದು ಗೇಜು, ಒಂದು ವಾಲ್ವು. ಉಜ್ಜಿ ಉಜ್ಜಿ ಅದನ್ನು ಎಷ್ಟು ಹೊಳೆಯುವಂತೆ ಮಾಡಿದ್ದಳೆಂದರೆ ದೊಡ್ಡವಳಿಗೆ ಅದರಲ್ಲಿ ತನ್ನ ಮುಖ ಕಂಡಿತು, ಅಡ್ಡಡ್ಡವಾಗಿ, ಬಾತುಕೊಂಡು. ಮಾವನವರು ಊಟ ಬಿಟ್ಟು ಎದ್ದು ಬಂದು ಪಾತ್ರೆಯ ಸುತ್ತ ಒಂದು ಸುತ್ತು ಹಾಕಿದರು.

"ಮುಳ್ಳು ಎಲ್ಲಿಗೆ ನಿಲ್ಲಬೇಕು?" ಎಂದು ಕೇಳಿದರು.

"ಮೂವತ್ತಕ್ಕೆ ಮಾವ. ಅದಕ್ಕಿಂತ ಜಾಸ್ತಿ ಆದ್ರೆ ಚೆಂಡು ಕಲ್ಲಾಗುತ್ತೆ, ಕಮ್ಮಿ ಆದ್ರೆ ಏಳಲ್ಲ."

"ಚಳಿ ಇದ್ದರೆ?"

"ಸ್ವಲ್ಪ ಇಳಿಯುತ್ತೆ. ಬರೆದಿಡ್ತೀನಿ, ತೋರಿಸ್ತೀನಿ."

ಪ್ರಶ್ನೆ. ಮಾವನವರು ಪ್ರಶ್ನೆ ಕೇಳುತ್ತಿದ್ದರು. ಹನ್ನೊಂದು ವರ್ಷದಲ್ಲಿ ದೊಡ್ಡವಳನ್ನು ಅವರು ಗಾಳಿಯ ವಿಷಯದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ತನ್ನ ಮೇಲೆ ಅಷ್ಟು ನಂಬಿಕೆ ಎಂದುಕೊಂಡಿದ್ದಳು. ಈಗ ಅನಿಸಿತು, ಅದು ನಂಬಿಕೆಯಲ್ಲ, ಪೈಪಿನಲ್ಲಿ ಕೇಳುವಂಥದ್ದೇ ಏನೂ ಇರಲಿಲ್ಲ. ಮೈದುನ ಬೇರೆ, ಉರಿಯುವುದಕ್ಕೆ ಎಣ್ಣೆ ಹೊಯ್ದಂತೆ, "ನೋಡಿ ಅತ್ತಿಗೆ, ನಿಮಗೆ ಇನ್ನು ಪಂಪು ಒತ್ತೋ ಕಷ್ಟ ಇಲ್ಲ" ಎಂದ. ಕಷ್ಟವಂತೆ. ಅವನ ಬಾಯಿಗೆ ಆ ಹೊತ್ತಿಗೆ ಒಂದು ಚೆಂಡು ತುರುಕಬೇಕೆನಿಸಿತು, ಹೊಸದು, ಗಟ್ಟಿಯಾದದ್ದು.

ಮಾವನವರು ಕೈ ತೊಳೆದು ಬಂದು ಕಡ್ಡಿ ಮುರಿದಂತೆ ಹೇಳಿದರು. "ಮೂರು ವಾರಕ್ಕೆ ಪಕ್ಕದ ಕೋರ್ಟಿನ ಮಕ್ಕಳ ಜೊತೆ ಪಂದ್ಯ ಇದೆ. ಹೊಸ ಚೆಂಡು ಬೇಡ. ನಿನಗೆ ಹನ್ನೆರಡು, ಅವಳಿಗೆ ಹನ್ನೆರಡು. ಇವತ್ತು ಭಾನುವಾರ, ಇವತ್ತೇ ತುಂಬಿ. ಪಂದ್ಯದ ಭಾನುವಾರ ಬೆಳಗ್ಗೆ ನೋಡೋಣ. ಯಾರದ್ದು ಗೆರೆ ಮುಟ್ಟುತ್ತೋ ಮೆಟ್ಟಿಲ ಕೆಳಗಿನ ಕೋಣೆ ಅವರದ್ದು. ಒಂದು ಕೆಲಸಕ್ಕೆ ಇಬ್ಬರು ಬೇಡ."

"ಸರಿ ಮಾವ" ಅಂದಳು ಚಿಕ್ಕವಳು. ದೊಡ್ಡವಳು ಕೊರಳ ದಾರವನ್ನು ಮುಟ್ಟಿಕೊಂಡಳು.

ಇಪ್ಪತ್ತನಾಲ್ಕು ಚೆಂಡೂ ಒಂದೇ ಡಬ್ಬಿಗಳಿಂದ ಬಂದವು, ಒಂದೇ ವಾರ ಸತ್ತವು. ಎಣಿಸಿ ಹಂಚಿಕೊಂಡರು. ದೊಡ್ಡವಳು ಮೆಟ್ಟಿಲ ಕೆಳಗೆ ಪೈಪಿಗೆ ತೊಂಬತ್ತು ಒತ್ತಿದಳು. ಚಿಕ್ಕವಳು ಮಹಡಿಯ ತನ್ನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಪಾತ್ರೆ ಇಟ್ಟು ಮುಳ್ಳನ್ನು ಮೂವತ್ತಕ್ಕೆ ನಿಲ್ಲಿಸಿದಳು.

ಮೊದಲ ನಾಲ್ಕು ದಿನ ದೊಡ್ಡವಳು ತನ್ನನ್ನು ತಾನು ಬಿಗಿ ಹಿಡಿದಳು. ಗುರುವಾರ ಮಧ್ಯಾಹ್ನ ಒಣಗಿದ ಬಟ್ಟೆ ಇಡಲು ಮಹಡಿಗೆ ಹೋದಳು. ನಿಜವಾಗಿ ಬಟ್ಟೆ ಇಡಲೆಂದೇ ಹೋದದ್ದು. ಅವಳ ಪರವಾಗಿ ಅಷ್ಟಾದರೂ ಹೇಳಬೇಕು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಾತ್ರೆ ಬಿಸಿಲಿಗೆ ಥಳಥಳ ಹೊಳೆಯುತ್ತ ಕೂತಿತ್ತು. ಮುಳ್ಳು ಮೂವತ್ತು, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ. ಪಕ್ಕದಲ್ಲಿ ಚಿಕ್ಕವಳು ಅಂದು ಬಿಟ್ಟುಹೋದ ಟಿಪ್ಪಣಿ ಪುಸ್ತಕ, ಅದರೊಳಗೆ ಮುತ್ತಿನಂಥ ಅಕ್ಷರ. ದೊಡ್ಡವಳ ಮೈ ಉರಿಯಿತು. ಅವಳ ಬೆರಳು ವಾಲ್ವಿನ ಟೊಪ್ಪಿಗೆ ತಿರುಗಿಸಿತು. ಉಗುರು ನಡುವಿನ ಪಿನ್ನನ್ನು ಒತ್ತಿತು.

ಸುಸ್ಸ್.

ಆ ಸದ್ದು ಕೇಳಿ ಅವಳ ಹೊಟ್ಟೆ ತಣ್ಣಗಾದಷ್ಟು ಹನ್ನೊಂದು ವರ್ಷದ ಯಾವ ಹೂಂ ಕೇಳಿಯೂ ಆಗಿರಲಿಲ್ಲ. ಮುಳ್ಳು ಹದಿಮೂರಕ್ಕೆ ಇಳಿದಾಗ ಗಾಬರಿಯಾಗಿ ಬೆರಳು ತೆಗೆದಳು. ಟೊಪ್ಪಿಗೆ ಹಾಕಿದಳು. ಬಟ್ಟೆಯನ್ನು ಮಡಚಿಟ್ಟು, ಮಡಚಿದ್ದನ್ನೇ ಇನ್ನೊಮ್ಮೆ ಮಡಚಿ ಕೆಳಗಿಳಿದಳು.

ಸಂಜೆ ಮೇಲಿನಿಂದ ಪಂಪಿನ ಸದ್ದು ಬಂತು. ಚಿಕ್ಕವಳು ಮತ್ತೆ ತುಂಬುತ್ತಿದ್ದಳು. ಯಾರಿಗೂ ಏನೂ ಹೇಳಲಿಲ್ಲ. ಶುಕ್ರವಾರ ಮಧ್ಯಾಹ್ನ ಮತ್ತೆ ಸುಸ್ಸ್. ಶನಿವಾರವೂ. ಭಾನುವಾರ ಮಾತ್ರ ಆ ಸುಖ ಸಿಗಲಿಲ್ಲ. ಚಿಕ್ಕವಳಿಗೆ ರಜೆ, ಇಡೀ ದಿನ ಪಾತ್ರೆಯ ಪಕ್ಕ ಕೂತು ಏನೋ ಓದುತ್ತಿದ್ದಳು. ದೊಡ್ಡವಳು ಅಂದೆಲ್ಲ ಬಾಲ ಸುಟ್ಟ ಬೆಕ್ಕಿನ ಹಾಗೆ ಒಳಗೆ ಹೊರಗೆ ತಿರುಗಿದಳು. ಸೋರುವ ಕೊಳಾಯಿಯನ್ನೂ ಬೈದಳು. ಸೋಮವಾರ ಬಂದ ಮೇಲೆ ಮತ್ತೆ ಶುರು. ಹೀಗೆ ಇನ್ನೊಂದು ವಾರ ಕಳೆಯಿತು, ಇನ್ನೊಂದು ಭಾನುವಾರ ಸುಮ್ಮನೆ ಹೋಯಿತು, ಮರುದಿನ ಸೋಮವಾರ ಮಧ್ಯಾಹ್ನದ ಗಾಳಿಯನ್ನೂ ಅವಳು ಬಿಟ್ಟು ಮುಗಿಸಿದಳು.

ಅಂದು ಸಂಜೆ ಚಿಕ್ಕವಳು ಪಾತ್ರೆಗೆ ಮತ್ತೆ ಮೂವತ್ತರ ತನಕ ಗಾಳಿ ತುಂಬಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಳಗೆ ಬಂದಳು.

"ಅಕ್ಕ, ಇದು ಸೋರ್ತಾ ಇದೆ. ದಿನಾ ತುಂಬ್ತೀನಿ, ದಿನಾ ಇಳಿಯುತ್ತೆ. ಎಲ್ಲಿ ಅಂತ ನನಗೆ ಸಿಗ್ತಿಲ್ಲ. ನೀವು ಪಂಕ್ಚರ್ ಅಂಗಡಿಯವರು, ಒಂದು ಸಲ ನೋಡಿ."

ಆ ಮನೆಯಲ್ಲಿ ಪಂಕ್ಚರ್ ಅಂಗಡಿ ಎಂಬ ಮಾತನ್ನು ಯಾರಾದರೂ ಮರ್ಯಾದೆಯಿಂದ ಆಡಿದ್ದು ಅದೇ ಮೊದಲು. ದಿನವಿಡೀ ಸಿಲಿಂಡರು ಪರೀಕ್ಷಿಸುವವಳು ತನ್ನ ಹತ್ತಿರ ಬಂದು ಕೇಳುತ್ತಿದ್ದಾಳೆ! ದೊಡ್ಡವಳಿಗೆ ಒಂದು ಕ್ಷಣ ಹೆಮ್ಮೆಯಾಯಿತು, ಆಮೇಲೆ ಇಲ್ಲದ ತೂತನ್ನು ಎಲ್ಲಿಂದ ತೋರಿಸುವುದು ಎಂದು ಹೊಳೆಯಿತು. ಮಾವನವರೂ ಮೈದುನನೂ ಅಷ್ಟರಲ್ಲಿ ಬಂದು ನಿಂತಿದ್ದರು.

ಅವಳ ಅಪ್ಪನ ಅಂಗಡಿಯಲ್ಲಿ ಎರಡು ಕಟ್ಟಳೆಗಳಿದ್ದವು. ಎದುರಿನ ಅಂಗಡಿಯವನು ಗಿರಾಕಿ ಅತ್ತ ತಿರುಗಿದಾಗ ಟ್ಯೂಬಿಗೆ ತಾನೇ ಗುಂಡುಸೂಜಿ ಚುಚ್ಚಿ ಎರಡೆರಡು ತೇಪೆ ಹಾಕುತ್ತಿದ್ದ. ಅಪ್ಪ ಹಾಗಲ್ಲ. ಟ್ಯೂಬನ್ನು ನೀರಿಗೆ ಹಾಕಿ ಗಿರಾಕಿಯನ್ನೇ ಕರೆದು, ನೀವೇ ನೋಡಿ ಅನ್ನುತ್ತಿದ್ದರು. ಗುಳ್ಳೆ ಕಂಡರೆ ತೇಪೆ, ಕಾಣದಿದ್ದರೆ ಟ್ಯೂಬು ಹಾಗೇ ವಾಪಸ್. ಇದು ಒಂದು. ಇನ್ನೊಂದು, ನಮ್ಮ ಕೈಯಲ್ಲಿ ಗಿರಾಕಿಯ ಟ್ಯೂಬು ಹಾಳಾದರೆ ನಮ್ಮದನ್ನು ಕೊಡಬೇಕು. ದೊಡ್ಡವಳು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಟೈರು ಬಿಚ್ಚುವ ಕಬ್ಬಿಣದ ಪಟ್ಟಿ ಜಾರಿ ಯಾರದೋ ಟ್ಯೂಬು ಹರಿದುಬಿಟ್ಟಿದ್ದಳು. ಅಪ್ಪ ಬೈಯಲಿಲ್ಲ. ತಮ್ಮ ಸೈಕಲ್ಲಿನ ಟ್ಯೂಬು ಬಿಚ್ಚಿ ಕೊಟ್ಟು, ಆ ವಾರವೆಲ್ಲ ನಡೆದುಕೊಂಡು ಮನೆಗೆ ಬಂದರು.

ದೊಡ್ಡವಳು ಬಚ್ಚಲಿನ ತೊಟ್ಟಿಗೆ ನೀರು ತುಂಬಿಸಿ ಪಾತ್ರೆಯನ್ನು ಮುಳುಗಿಸಿದಳು. ನಾಲ್ಕು ತಲೆ ಒಟ್ಟಿಗೆ ಬಗ್ಗಿ ನೋಡಿದವು. ಗುಳ್ಳೆ ಇಲ್ಲ. ಪಾತ್ರೆಯನ್ನು ತಿರುಗಿಸಿದಳು, ಒರಗಿಸಿದಳು, ಬುಡ ಮೇಲು ಮಾಡಿದಳು. ನೀರು ಕನ್ನಡಿಯ ಹಾಗೆ ಸುಮ್ಮನಿತ್ತು. ಹೇಗೆ ಬಂದೀತು ಗುಳ್ಳೆ? ಆ ಪಾತ್ರೆಯ ತೂತು ಅದನ್ನು ಹಿಡಿದುಕೊಂಡೇ ನಿಂತಿತ್ತು.

"ಏನೂ ಕಾಣ್ತಿಲ್ಲವಲ್ಲ ಅತ್ತಿಗೆ" ಅಂದ ಮೈದುನ.

"ಸುಮ್ಮನಿರಪ್ಪ, ಸೂಕ್ಷ್ಮ ಇರುತ್ತೆ" ಅಂದಳು. ಮೂವರ ಕಣ್ಣೂ ಅವಳ ಕೈಯ ಮೇಲೆ. ಅವಳು ವಾಲ್ವಿನ ಬುಡ ತೋರಿಸಿದಳು. "ಇಲ್ಲಿ. ವಾಷರು ಸವೆದಿದೆ. ಒಂದೊಂದು ಸಲ ಸೋರುತ್ತೆ, ಒಂದೊಂದು ಸಲ ಇಲ್ಲ."

ಒರೆಸಿ, ಉಜ್ಜುಕಾಗದ ತಿಕ್ಕಿ, ಸಲ್ಯೂಷನ್ ಅಂಟು ಹಚ್ಚಿ, ಹಳೆಯ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ತುಂಡೊಂದನ್ನು ವಾಲ್ವಿನ ಬುಡಕ್ಕೆ ಅಂಟಿಸಿದಳು. ಬಲು ಚೊಕ್ಕವಾದ ತೇಪೆ. ಅವಳ ಜನ್ಮದಲ್ಲೇ ಅಷ್ಟು ಚೊಕ್ಕ ತೇಪೆ ಹಾಕಿರಲಿಲ್ಲ, ತೂತಿಲ್ಲದ ಜಾಗಕ್ಕೆ.

ಮಂಗಳವಾರ ಅವಳು ಮಹಡಿಗೆ ಹೋಗಲಿಲ್ಲ. ಹೋಗುವ ಹಾಗೆಯೇ ಇರಲಿಲ್ಲ. ಸಂಜೆ ಚಿಕ್ಕವಳು ಬಂದು ಮುಳ್ಳು ಮೂವತ್ತಕ್ಕೇ ಇದೆ ಎಂದು ಎಲ್ಲರ ಮುಂದೆ ಹೇಳಿದಳು. ಆಗ ಮಾವನವರು ಪತ್ರಿಕೆಯಿಂದ ತಲೆ ಎತ್ತಿದರು.

"ಗಾಳಿ ವಿಷಯದಲ್ಲಿ ದೊಡ್ಡವಳ ಕೈ ಅಂದ್ರೆ ಕೈ. ಯಂತ್ರಕ್ಕೆ ಸಿಗದೇ ಇದ್ದದ್ದು ಅವಳಿಗೆ ಸಿಕ್ತು ನೋಡಿ" ಅಂದರು.

ಹನ್ನೊಂದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮಾತು. ಒಂದಕ್ಷರವಲ್ಲ, ಎರಡು ಪೂರ್ತಿ ವಾಕ್ಯ. ಅದು ಬಂದದ್ದು ಆ ತೇಪೆಗೆ. ದೊಡ್ಡವಳು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದಳು, ಇನ್ನೊಂದು ಲೋಟ ಕುಡಿದಳು. ಅಪ್ಪ ಇದ್ದಿದ್ದರೆ ಆ ತೇಪೆಯನ್ನು ಒಂದು ಸಲ ಹೆಬ್ಬೆರಳಿನಿಂದ ಸವರಿ ನೋಡಿ ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಅದನ್ನು ನೆನೆದು ಅವಳಿಗೆ ಅಳು ಬಂತು. ಅಳುವಾಗಲೂ, ಇದೆಲ್ಲ ಆ ಚಿಕ್ಕವಳಿಂದಲೇ ಆದದ್ದು ಎಂದು ಹಲ್ಲು ಕಡಿಯುವುದನ್ನು ಬಿಡಲಿಲ್ಲ.

ಪಂದ್ಯದ ಹಿಂದಿನ ದಿನ ಶನಿವಾರ. ಮಧ್ಯಾಹ್ನ ಅವಳು ಪೈಪಿನ ಗಾಳಿ ಮೆಲ್ಲಗೆ ಬಿಟ್ಟು ಮುಚ್ಚಳ ತೆಗೆದಳು. ಒಂದು ಚೆಂಡನ್ನು ಬಾಗಿಲ ಮೇಲ್ಪಟ್ಟಿಯಿಂದ ಬಿಟ್ಟಳು. ಸರಿಯಾಗಿ ಗೆರೆ. ಎರಡನೆಯದೂ ಗೆರೆ. ಆಮೇಲೆ ಮಹಡಿಯಿಂದ ಪಾತ್ರೆಯನ್ನು ಇಳಿಸಿ ತಂದು ಅದನ್ನೂ ಬಿಚ್ಚಿದಳು. ಚಿಕ್ಕವಳ ಚೆಂಡು ಗೆರೆಗಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ಇನ್ನೊಂದು, ಮತ್ತೊಂದು, ಹನ್ನೆರಡೂ ಅಷ್ಟೇ. ಬೆರಳಿಟ್ಟು ಅಳೆದು ನೋಡಿದಳು. ನಾಲ್ಕು.

ಗೆದ್ದಿದ್ದಳು. ಬೀಗದಕೈ ಕೊರಳಲ್ಲೇ ಉಳಿಯುತ್ತಿತ್ತು. ಎಷ್ಟು ಹೊತ್ತು ಖುಷಿಪಟ್ಟಳು? ಒಂದು ಚೆಂಡು ಪುಟಿದು ನಿಲ್ಲುವಷ್ಟು ಹೊತ್ತು. ಆಮೇಲೆ ಅಪ್ಪ ನೆನಪಾದರು, ಟ್ಯೂಬಿಲ್ಲದ ಸೈಕಲ್ಲು ಗೋಡೆಗೆ ಒರಗಿದ್ದು ನೆನಪಾಯಿತು.

ಅವಳು ತನ್ನ ಹನ್ನೆರಡು ಚೆಂಡನ್ನು ಸ್ಟೀಲು ಪಾತ್ರೆಗೆ ಹಾಕಿದಳು. ಚಿಕ್ಕವಳ ಹನ್ನೆರಡನ್ನು ಪೈಪಿಗೆ ಹಾಕಿದಳು. ಎರಡಕ್ಕೂ ಗಾಳಿ ತುಂಬಿದಳು; ಪಾತ್ರೆಯ ಮುಳ್ಳು ಮೂವತ್ತಕ್ಕೆ ಬರುವ ತನಕ ತುಂಬಿ, ಮಹಡಿಗೆ ಒಯ್ದು, ಸ್ಟೂಲಿನ ಮೇಲೆ ಮೊದಲಿದ್ದ ಹಾಗೇ ಇಟ್ಟು ಬಂದಳು. ಇದನ್ನು ಮಾಡುವಾಗ ಅವಳ ಮನಸ್ಸು ಹಗುರವಾಯಿತು ಎಂದು ಯಾರಾದರೂ ಅಂದುಕೊಂಡರೆ ತಪ್ಪು. ಒಂದೊಂದು ಚೆಂಡು ಹಾಕುವಾಗಲೂ ಕರುಳು ಕಿತ್ತು ಕೊಟ್ಟಂತಾಗಿ, ಚಿಕ್ಕವಳಿಗೆ ಮನಸ್ಸಿನಲ್ಲೇ ಒಂದೊಂದು ಬೈಗುಳ ಬೈದಳು. ಹನ್ನೆರಡು ಚೆಂಡು, ಹನ್ನೆರಡು ಬೈಗುಳ.

ಭಾನುವಾರ ಬೆಳಗ್ಗೆ ಮಾವನವರು ಬಿಳಿ ಟೋಪಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತರು. ಮೊದಲು ಪೈಪಿನ ಚೆಂಡು. ಗೆರೆಗಿಂತ ನಾಲ್ಕು ಬೆರಳು ಕೆಳಗೆ. ಅವರು ಹುಬ್ಬು ಗಂಟಿಕ್ಕಿದರು, ಇನ್ನೊಂದು ಬಿಟ್ಟರು, ಅದೂ ಅಷ್ಟೇ. ದೊಡ್ಡವಳ ಮುಖ ನೋಡಿದರು. ಅವಳು ನೆಲ ನೋಡಿದಳು. ಆಮೇಲೆ ಪಾತ್ರೆಯ ಚೆಂಡು. ಮೇಲಿನಿಂದ ಬಿತ್ತು, ಟಣ್ಣೆಂದು ಬಡಿಯಿತು, ಎದ್ದು ಗೆರೆಯನ್ನು ಮುಟ್ಟಿತು.

"ಹೂಂ" ಅಂದರು ಮಾವನವರು, ಚಿಕ್ಕವಳ ಕಡೆ ತಿರುಗಿ.

ಆ ಹೂಂ ದೊಡ್ಡವಳ ಎದೆಗೆ ಇರಿಯಿತು. ಅವಳೇ ಗಾಳಿ ತುಂಬಿದ ಚೆಂಡು, ಅವಳೇ ಬಿಟ್ಟುಕೊಟ್ಟ ಚೆಂಡು, ಅದರ ಮೇಲೇ ಅವಳಿಗೆ ಹೊಟ್ಟೆಕಿಚ್ಚು. ಕೊರಳಿನಿಂದ ದಾರ ತೆಗೆದು ಮಾವನವರ ಕೈಗೆ ಕೊಟ್ಟಳು. ಅದು ಅವರ ಕೈಯಿಂದ ಚಿಕ್ಕವಳ ಕೈಗೆ ಹೋಯಿತು. ಚಿಕ್ಕವಳು ನಗಲಿಲ್ಲ. ಪಾತ್ರೆಯಿಂದ ಇನ್ನೊಂದು ಚೆಂಡು ತೆಗೆದು, ಹೆಬ್ಬೆರಳಿನಿಂದ ಒತ್ತಿ ನೋಡಿ, ದೊಡ್ಡವಳನ್ನೇ ನೋಡುತ್ತ ನಿಂತಳು.

ಪಂದ್ಯ ಮುಗಿಯಿತು. ಮಕ್ಕಳು ಗೆದ್ದರೋ ಸೋತರೋ ದೊಡ್ಡವಳು ಕೇಳಲಿಲ್ಲ. ಮಧ್ಯಾಹ್ನ ಮೆಟ್ಟಿಲ ಕೆಳಗಿನಿಂದ ತನ್ನ ಪಂಪು, ಮಣೆ ಎತ್ತಿಕೊಳ್ಳಲು ಹೋದಾಗ ಚಿಕ್ಕವಳು ಬಾಗಿಲಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ನಿಂತಿದ್ದಳು.

"ಅಕ್ಕ, ಇದನ್ನ ಸ್ವಲ್ಪ ಓದಿ."

"ನನಗೆ ನಿನ್ನ ಮುಳ್ಳಿನ ಲೆಕ್ಕ ಗೊತ್ತಾಗಲ್ಲ."

"ಹಾಗಾದ್ರೆ ನಾನೇ ಓದ್ತೀನಿ. ಗುರುವಾರ ಹದಿಮೂರು. ಶುಕ್ರವಾರ ಹನ್ನೊಂದು. ಶನಿವಾರ ಒಂಬತ್ತು. ಭಾನುವಾರ ಮೂವತ್ತು." ಹಾಳೆ ತಿರುವಿದಳು. "ಸೋಮವಾರದಿಂದ ಶನಿವಾರದ ತನಕ ದಿನಾ ಹತ್ತು, ಹನ್ನೆರಡು. ಮತ್ತೆ ಭಾನುವಾರ ಮೂವತ್ತು. ನಾನು ತುಂಬಾ ಪಾತ್ರೆ ನೋಡಿದೀನಿ ಅಕ್ಕ. ಕೆಲಸಕ್ಕೆ ಹೋದ ದಿನ ಸೋರಿ, ರಜಾ ದಿನ ಸೋರದ ಪಾತ್ರೆ ನಾನೆಲ್ಲೂ ನೋಡಿಲ್ಲ."

ದೊಡ್ಡವಳು ಪಂಪನ್ನು ಕೆಳಗಿಟ್ಟಳು. "ಗೊತ್ತಿದ್ದೂ ತೊಟ್ಟಿಗೆ ಹಾಕಿಸಿದ್ಯಾ?"

"ಗುಳ್ಳೆ ಬರಲ್ಲ ಅಂತ ಗೊತ್ತಿತ್ತು. ಬರಲಿಲ್ಲ ಅಂತ ನೀವು ಹೇಳ್ತೀರಾ ಅಂತ ನೋಡಬೇಕಿತ್ತು. ನೀವು ತೇಪೆ ಹಾಕಿದ್ರಿ." ಚಿಕ್ಕವಳು ಪುಸ್ತಕ ಮುಚ್ಚಿದಳು. "ನನಗೆ ಸಿಟ್ಟು ಬಂದಿತ್ತು. ಈಗಲೂ ಇದೆ. ಮಾವನ ಹತ್ರ ಹೇಳಿಬಿಡಬೇಕು ಅಂತ ಎಷ್ಟು ಸಲ ಹೊರಟೆ ಗೊತ್ತಾ? ಮದುವೆಯಾಗಿ ಬಂದಾಗಿಂದ ಇವರು ನನಗೆ ಹೇಳೋದು ಒಂದೇ, ಅತ್ತಿಗೆ ಕೈಗುಣ, ಅತ್ತಿಗೆ ಕೈಗುಣ. ಆ ಕೈ ಹೀಗೆ ಮಾಡ್ತು ಅಂತ ಹೇಳಿದ್ರೆ ನನಗೆ ಸಂತೋಷ ಆಗ್ತಿತ್ತು. ಆ ಸಂತೋಷ ಬೇಡ ಅನ್ನಿಸ್ತು, ಸುಮ್ಮನಾದೆ. ಇವತ್ತು ನೋಡಿದ್ರೆ ಆ ಹೂಂ ನನಗೆ. ಅಷ್ಟು ದಿನ ಗಾಳಿ ಹೋದ ಚೆಂಡು ಗೆರೆ ಮುಟ್ಟೋಕೆ ಸಾಧ್ಯನೇ ಇಲ್ಲ. ನಾನು ಲೆಕ್ಕ ಹಾಕಿಟ್ಟಿದ್ದೆ, ನನ್ನದು ನಾಲ್ಕು ಬೆರಳು ಕಮ್ಮಿ ಬರಬೇಕು."

ದೊಡ್ಡವಳು ತಲೆ ಎತ್ತಿದಳು. "ಎಷ್ಟು?"

"ನಾಲ್ಕು ಬೆರಳು."

ಮುಚ್ಚಳ ತೆಗೆಯದೆ, ಚೆಂಡು ಮುಟ್ಟದೆ, ಬರೀ ಪುಸ್ತಕ ನೋಡಿಕೊಂಡು ಸರಿಯಾಗಿ ನಾಲ್ಕು. ನಾಚಿಕೆಯಿಂದ ಸಾಯುವಂತಿದ್ದ ಆ ಹೊತ್ತಿನಲ್ಲೂ ದೊಡ್ಡವಳ ಹೊಟ್ಟೆಯೊಳಗೆ ಹಳೆಯ ಕಿಚ್ಚು ಚುರ್ ಎಂದಿತು. ಎಂಥ ತಲೆ ಈ ಹುಡುಗಿಯದು.

"ಬೀಗದಕೈ ನಾನು ವಾಪಸ್ ಕೊಡಲ್ಲ ಅಕ್ಕ. ಬೇಕಾದ್ರೆ ಮಾವನ ಹತ್ರ ಕೇಳಿ. ಯಾಕೆ ಅಂತ ಕೇಳ್ತಾರೆ. ನೀವೇ ಹೇಳಿ."

ಮಾವನವರು ಜಗುಲಿಯಲ್ಲಿ ಕೂತು, ಪೈಪಿನಿಂದ ಬಂದ ಸೋತ ಚೆಂಡುಗಳನ್ನು ಕುರ್ಚಿಯ ಕಾಲಿಗೆಂದು ಕೊಯ್ಯುತ್ತಿದ್ದರು. ಎರಡು ಆಗಿತ್ತು, ಮೂರನೆಯದಕ್ಕೆ ಚಾಕು ಇಟ್ಟಿದ್ದರು. ದೊಡ್ಡವಳು ಹೋಗಿ ಎದುರು ನಿಂತಳು.

"ಮಾವ, ಆ ಪಾತ್ರೆ ಸೋರ್ತಿರಲಿಲ್ಲ. ನಾನೇ ಮಧ್ಯಾಹ್ನ ಹೋಗಿ ಗಾಳಿ ಬಿಡ್ತಿದ್ದೆ. ತೂತಿಲ್ಲದ ಕಡೆ ತೇಪೆ ಹಾಕಿದೆ. ನೀವು ಕೊಯ್ತಿರೋದು ಅವಳ ಚೆಂಡು. ಗೆರೆ ಮುಟ್ಟಿದ್ದು ನನ್ನದು. ನಿನ್ನೆ ಬದಲಾಯಿಸಿದೆ."

"ಯಾಕೆ?" ಅಂದರು ಮಾವನವರು. ಗಾಳಿಯ ವಿಷಯದಲ್ಲಿ ಹನ್ನೊಂದು ವರ್ಷಕ್ಕೆ ಅವಳನ್ನು ಕೇಳಿದ ಮೊದಲ ಪ್ರಶ್ನೆ.

"ಹೊಟ್ಟೆಕಿಚ್ಚಿಗೆ ಮಾವ. ಬೇರೆ ಏನೂ ಕಾರಣ ಇಲ್ಲ."

ಅವರು ಕೈಯಲ್ಲಿದ್ದ ಚೆಂಡನ್ನು ಕೆಳಗಿಟ್ಟರು. ಆಮೇಲೆ "ಹೂಂ" ಅಂದರು. ಚಾಕು ಮಡಚಿ, ಉಳಿದ ಹತ್ತು ಚೆಂಡನ್ನು ಅವಳ ಕಡೆ ತಳ್ಳಿದರು. "ಇವನ್ನ ಇನ್ನೊಂದು ಸಲ ಎಬ್ಬಿಸಬಹುದು. ಯಾರ ಕೈಯಲ್ಲಿ ಅಂತ ನೀವಿಬ್ಬರೇ ನೋಡ್ಕೊಳ್ಳಿ, ನನ್ನ ತಲೆ ತಿನ್ನಬೇಡಿ."

ಚೆಂಡುಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಮೆಟ್ಟಿಲ ಕೆಳಗೆ ಬಂದಾಗ ಚಿಕ್ಕವಳು ಬಾಗಿಲು ತೆರೆದು ಮಣೆ ಹಾಕಿಟ್ಟಿದ್ದಳು. ದೊಡ್ಡವಳು ಚೆಂಡು ಪೈಪಿಗೆ ಇಳಿಸಿದಳು. ಎರಡು ಕಡಿಮೆ ಇದ್ದವು. ಖಾಲಿ ಜಾಗ ನೋಡಿ, ಹತ್ತಕ್ಕಾದರೆ ಇನ್ನು ಹನ್ನೊಂದು ಒತ್ತು ಹೆಚ್ಚು ಬೇಕು ಎಂದು ಮನಸ್ಸಿನಲ್ಲೇ ಅಂದಾಜು ಕಟ್ಟಿದಳು. ಮುಚ್ಚಳ ಬಿಗಿದು ಪಂಪು ಹಿಡಿದಳು. ಒಂದು, ಎರಡು, ಮೂರು. ನೂರಾ ಒಂದಕ್ಕೆ ನಿಲ್ಲಿಸಿ, ಬೆವರು ಒರೆಸಿಕೊಂಡು, "ಸಾಕು" ಅಂದಳು.

"ಒಂದು ನಿಮಿಷ ಅಕ್ಕ" ಎಂದು ಚಿಕ್ಕವಳು ಚೀಲದಿಂದ ಗೇಜು ತೆಗೆದು ಪೈಪಿನ ವಾಲ್ವಿಗೆ ಒತ್ತಿದಳು. ಮುಳ್ಳು ಎದ್ದು, ನಡುಗಿ, ನಿಂತಿತು. ಮೂವತ್ತು, ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ.

ಚಿಕ್ಕವಳು ಗೇಜನ್ನು ತಟ್ಟಿ ನೋಡಿದಳು, ಇನ್ನೊಮ್ಮೆ ಒತ್ತಿ ನೋಡಿದಳು. ಬಾಯಿ ಬಿಗಿಯಿತು, ಕಿವಿ ಕೆಂಪಾಯಿತು. ಪುಸ್ತಕ ತೆಗೆದು ಮೂವತ್ತು ಎಂದು ಬರೆಯುವಾಗ ಪೆನ್ಸಿಲ್ಲಿನ ಮೊನೆ ಮುರಿಯಿತು. ಅವಳ ಮುಖದಲ್ಲಿ ಕಂಡದ್ದು ಏನು ಎಂದು ದೊಡ್ಡವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಮುಖವನ್ನು ಅವಳು ಹೊಳೆಯುವ ಪಾತ್ರೆಯಲ್ಲಿ ಎಷ್ಟೋ ಮಧ್ಯಾಹ್ನ ನೋಡಿದ್ದಳು.

"ಕಲಿಸ್ತೀನಿ, ಕೂತ್ಕೋ" ಎಂದು ಮಣೆಯ ಮೇಲೆ ಸ್ವಲ್ಪ ಜಾಗ ಬಿಟ್ಟು ಸರಿದಳು.